ಪಾಲಿನ ಕ್ಯಾಮೆರಾ

"ಎಡಕ್ಕ ಸರಿ. ಇನ್ನಷ್ಟು. ಹಾಂ, ಈಗ ತಲಿ ತಗ್ಗಿಸು," ಹಿಂದಿನಿಂದ ನಿಜಗುಣಪ್ಪ ಪಿಸುಗುಟ್ಟಿದ.

ರಘೋತ್ತಮ ತಲೆ ತಗ್ಗಿಸಿದ. ಮೊಣಕೈ ಊರಿ, ಹೊಟ್ಟೆ ಎಳೆದುಕೊಂಡು, ಅರ್ಧ ಒಣಗಿದ ಕೆಸರಿನ ಮೇಲೆ ಹಲ್ಲಿಯ ಹಾಗೆ ಮುಂದೆ ಸರಿದ. ಲೆನ್ಸು ನೆಲಕ್ಕೆ ತಾಗದಿರಲೆಂದು ಕ್ಯಾಮೆರಾ ಹಿಡಿದ ಬಲಗೈಯನ್ನು ಮೇಲೆತ್ತಿದ್ದ, ಭುಜ ಸೆಳೆಯುತ್ತಿತ್ತು. ಸವದತ್ತಿಯ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಊರ ಮಂದಿಗೆಲ್ಲ ಮೊಣಕಾಲಿನ ಮುಲಾಮು ಮಾರುವ, ಅರವತ್ತರ ಹತ್ತಿರ ಬಂದ ಮನುಷ್ಯ ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಹೀಗೆ ತೆವಳುವುದನ್ನು ಗಿರಾಕಿಯೊಬ್ಬ ಕಂಡಿದ್ದರೆ ಅವನ ಮುಲಾಮಿನ ಮೇಲಿನ ನಂಬಿಕೆ ಒಂದೋ ಹೆಚ್ಚುತ್ತಿತ್ತು, ಇಲ್ಲವೋ ಪೂರ್ತಿ ಹೋಗುತ್ತಿತ್ತು.

"ಇನ್ನೂ ಕೂತದೇನು?"

"ಕೂತಿಲ್ಲೋ, ಒಂಟಿ ಕಾಲ ಮ್ಯಾಲ ನಿಂತೈತಿ. ರಾಜಹಂಸ ಲೇ! ಹಿಂಡ ಬಿಟ್ಟು ಒಂದ ಬಂದೈತಿ. ಮಾತಾಡಬ್ಯಾಡ, ನಡಿ."

ಜಾಲಿಯ ಗಿಡವೊಂದನ್ನು ಬಳಸಿ ರಘೋತ್ತಮ ಲೆನ್ಸನ್ನು ಮುಂದೆ ಚಾಚಿದ. ಕಿಂಡಿಯಲ್ಲಿ ಕಣ್ಣಿಟ್ಟ. ಮಬ್ಬು ಸರಿದು ಚಿತ್ರ ತಿಳಿಯಾಯಿತು. ಕಡಿದ ಜಾಲಿಯ ಬೊಡ್ಡೆ. ಅದಕ್ಕೆ ಸಿಕ್ಕಿಕೊಂಡ ಗೊಬ್ಬರದ ಖಾಲಿ ಚೀಲ. ಗಾಳಿ ಹೊಕ್ಕಾಗ ಉಬ್ಬುತ್ತಿತ್ತು, ಬಿಟ್ಟಾಗ ಬಾಗುತ್ತಿತ್ತು. ಅದರ ಮೇಲೆ ಅಚ್ಚಾದ ಹಸಿರು ಎಲೆ ಕೂಡ ನಿಚ್ಚಳವಾಗಿ ಕಂಡಿತು.

ಅವನು ಹಾಗೇ ಮಲಗಿಬಿಟ್ಟ. ಕೆಸರಿನ ತಂಪು ಅಂಗಿಯೊಳಗೆ ಇಳಿಯುತ್ತಿತ್ತು. ತಾಲೂಕಿನಲ್ಲೇ ಅಂಥ ಕಣ್ಣಿಲ್ಲ ಎನಿಸಿಕೊಂಡವನು ನಿಜಗುಣಪ್ಪ. ಓಡುವ ಬಸ್ಸಿನಿಂದ ಕರಿ ಮಣ್ಣಿನ ಎರಿ ಹೊಲದ ಹೆಂಟೆಗಳ ನಡುವೆ ಕುಳಿತ ಗೌಜಲಕ್ಕಿಯನ್ನು ಗುರುತಿಸಿ ಬಸ್ಸು ನಿಲ್ಲಿಸಿದವನು.

"ಏನ್ ಮಾಡಾಕತ್ತಿ? ಹೊಡಿ, ಹೊಡಿ! ಹಾರೀತು!"

ರಘೋತ್ತಮ ಗುಂಡಿ ಒತ್ತಿದ. ಚೀಲದ ಫೋಟೋ ಬಿತ್ತು. ಆ ಸದ್ದು ಹಿಂದೆ ಕೇಳಲಿ ಎಂದು ಮತ್ತೆ ಮತ್ತೆ ಒತ್ತಿದ.

"ಸಿಕ್ತೇನು?"

"ಸಿಕ್ತು," ಎಂದ.

ಎದ್ದು ಬಂದು, ನಿಜಗುಣಪ್ಪ ಕೈ ಚಾಚಿದಾಗ ಕ್ಯಾಮೆರಾ ಕೊಡದೆ ಇರುವುದಕ್ಕೆ ಅವನಿಗೆ ನೆಪ ಸಿಗಲಿಲ್ಲ. ನಿಜಗುಣಪ್ಪ ಪರದೆಯನ್ನು ಮೂಗಿಗೆ ಹಿಡಿದ. ಕುತ್ತಿಗೆ ಓರೆ ಮಾಡಿದ. ಕೋಳಿ ಕಾಳು ನೋಡುವ ಹಾಗೆ ಒಮ್ಮೆ ಈ ಕಣ್ಣಿನಿಂದ, ಒಮ್ಮೆ ಆ ಕಣ್ಣಿನಿಂದ ನೋಡಿದ. ರಘೋತ್ತಮ ಕಾಯುತ್ತ ನಿಂತ. ಈಗ ಬೈಗುಳ ಬರುತ್ತದೆ, ನಗು ಬರುತ್ತದೆ, ಬರಲಿ.

"ಛಲೋ ಬಂದೈತಿ," ಎಂದ ನಿಜಗುಣಪ್ಪ. "ಕುತಗಿ ಭಾಳ ಛಲೋ ಬಂದೈತಿ."

ಇಬ್ಬರೂ ಆ ಸುಳ್ಳುಗಳನ್ನು ಹಂಚಿಕೊಂಡು ಅಲ್ಲಿಗೇ ಬಿಡಬಹುದಿತ್ತು. ಆದರೆ ಹಿನ್ನೀರಿನ ಮೇಲಿಂದ ಗಾಳಿಯೊಂದು ಬೀಸಿ ಬಂತು. ಬೊಡ್ಡೆಯಿಂದ ಕಳಚಿಕೊಂಡ ಚೀಲ ಉರುಳಿ, ಹಾರಿ, ಮತ್ತೆ ಉರುಳಿ ನೇರವಾಗಿ ನಿಜಗುಣಪ್ಪನ ಕಾಲಿಗೇ ಬಂದು ಸುತ್ತಿಕೊಂಡಿತು. ಅವನು ಬಗ್ಗಿ ಬಿಡಿಸಿಕೊಂಡ. ಕೈಯಲ್ಲಿ ಹಿಡಿದು ಹೊಸಕಿ ನೋಡಿದ. ಬೊಡ್ಡೆಯಿದ್ದ ಕಡೆ ಮುಖ ತಿರುಗಿಸಿದ.

ರಘೋತ್ತಮನ ಸ್ಕೂಟರಿನ ಹಿಂದೆ ಕುಳಿತು ನಿಜಗುಣಪ್ಪ ಊರು ಮುಟ್ಟಿದ. ಪೇಟೆಯ ಮೂಲೆಯಲ್ಲಿ ಇಳಿದವನು ಟೋಪಿ ಸರಿ ಮಾಡಿಕೊಂಡು ಅಂದ:

"ಇನ್ನ ನಾ ಬರೂದಿಲ್ಲೋ ರಘ್ಯಾ. ನನ್ನ ಪಾಲು ಬಿಟ್ಟೆ, ತಗೋ."

*

ಪಾಲು ಎಂದರೆ ಏನೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಎಮ್ಮೆ ಒಬ್ಬನದು, ಮೇವು ಇನ್ನೊಬ್ಬನದು, ಹಾಲು ಇಬ್ಬರದು. ಅದು ಪಾಲಿಗೆ ಕೊಟ್ಟ ಎಮ್ಮೆ. ಹೊಲವೂ ಹಾಗೆ, ಬಾವಿಯ ನೀರೂ ಹಾಗೆ. ಪಾಲಿನ ವಸ್ತುವನ್ನು ಒಬ್ಬನೇ ಮಾರುವ ಹಾಗಿಲ್ಲ, ಒಬ್ಬನೇ ಬೈಯುವ ಹಾಗೂ ಇಲ್ಲ.

ಕ್ಯಾಮೆರಾವನ್ನು ಪಾಲಿಗೆ ತಂದವರು ಮಾತ್ರ ಇವರಿಬ್ಬರೇ. ಆಗಿನ್ನೂ ಇಬ್ಬರಿಗೂ ಮದುವೆಯಾಗಿರಲಿಲ್ಲ. ಪುರಾಣ ಹೇಳುವ ಮನೆತನದ ರಘೋತ್ತಮ ತನಗೆ ಪುರಾಣ ಬೇಡವೆಂದು ಫಾರ್ಮಸಿ ಓದಿ ಬಂದಿದ್ದ. ನಿಜಗುಣಪ್ಪ ಹೂಲಿಯ ಹೊಲವನ್ನೂ ಸವದತ್ತಿಯ ದಲಾಲಿ ಅಂಗಡಿಯನ್ನೂ ಅಪ್ಪನ ಜೊತೆ ನೋಡಿಕೊಳ್ಳುತ್ತಿದ್ದ. ಬೈಲಹೊಂಗಲದಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಒಬ್ಬ ಮುದುಕ ತನ್ನ ರೀಲು ಹಾಕುವ ಕ್ಯಾಮೆರಾವನ್ನೂ ಒಂದು ಉದ್ದ ಲೆನ್ಸನ್ನೂ ಮಾರಲಿಕ್ಕೆ ಇಟ್ಟಿದ್ದಾನೆಂಬ ಸುದ್ದಿ ಬಂತು. ಒಬ್ಬೊಬ್ಬರ ಕೈಯಲ್ಲಿ ಆಗುವ ಮಾತಲ್ಲ. ಇಬ್ಬರೂ ಕೂಡಿ ಹೋದರು. ಬರುವಾಗ ಬಸ್ಸಿನಲ್ಲಿ ಕ್ಯಾಮೆರಾದ ಚರ್ಮದ ಚೀಲ ಇಬ್ಬರ ತೊಡೆಗಳ ನಡುವೆ ಕೂಸಿನ ಹಾಗೆ ಕುಳಿತಿತ್ತು.

ಅಮವಾಸ್ಯೆಯಿಂದ ಅಮವಾಸ್ಯೆಗೆ ಅದು ಮನೆ ಬದಲಿಸಬೇಕೆಂದು ಗೊತ್ತುಮಾಡಿಕೊಂಡರು. ರಘೋತ್ತಮನ ತಾಯಿ ತಾರಾಬಾಯಿ ಚರ್ಮದ ಚೀಲವನ್ನು ಪಡಸಾಲೆಯಿಂದ ಒಳಗೆ ಬಿಡಲಿಲ್ಲ. "ಸತ್ತ ದನದ ತೊಗಲು ಅದು. ದೇವರ ಮನೀ ಕಡೆ ಅದರ ಗಾಳೀನೂ ಸುಳೀಬಾರದು," ಎಂದು ಅದಕ್ಕೊಂದು ಗೂಟ ಹೊಡೆಸಿಕೊಟ್ಟರು. ಆದರೆ ಮಡಿ ಬಿಚ್ಚಿದ ಮೇಲೆ, ಯಾರೂ ಇಲ್ಲದಾಗ, ಕಿಂಡಿಯಲ್ಲಿ ಕಣ್ಣಿಟ್ಟು ಎದುರು ಮನೆಯ ಅಂಗಳ ನೋಡುತ್ತಿದ್ದರು. ನಿಜಗುಣಪ್ಪನ ಅವ್ವ ಸಾವಿತ್ರೆವ್ವ ಹಾಗಲ್ಲ. ಮನೆಗೆ ಬಂದದ್ದು ಏನಿದ್ದರೂ ಲಕ್ಷ್ಮಿ ಎನ್ನುವವಳು. ಮೊದಲನೆಯ ಅಮವಾಸ್ಯೆಗೆ ಕ್ಯಾಮೆರಾ ಬಂದಾಗ ಜಗಲಿಯ ಮೇಲೆ ಇಟ್ಟು, ಮುಚ್ಚಳ ತೆಗೆದು, ಲೆನ್ಸಿನ ಗಾಜಿಗೇ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕಾಯಿ ಒಡೆದಳು. ಗೊತ್ತಿಲ್ಲದೆ ಗೆಳೆಯರು ಹಾಗೇ ಹೊರಟರು. ಆ ರೀಲಿನ ಪ್ರತಿಯೊಂದು ಹಕ್ಕಿಯೂ ಮೂರು ಬಿಳಿ ಮೋಡಗಳ ಹಿಂದಿನಿಂದ ಇಣುಕಿತು.

"ಯವ್ವಾ, ಹಣಿಗೆ ಹಚ್ಚೂದು ಬಿಟ್ಟು ಕಣ್ಣಿಗೆ ಹಚ್ಚೀಯಲ್ಲ!" ಎಂದು ನಿಜಗುಣಪ್ಪ ತಲೆ ಚಚ್ಚಿಕೊಂಡ.

"ಅದಕ್ಕ ಹಣಿ ಯಾವುದು, ಕಣ್ಣು ಯಾವುದು, ನನಗೇನ್ ಗೊತ್ತಪಾ? ಇರೂದ ಒಂದ ಮುಖ," ಎಂದಳು ಸಾವಿತ್ರೆವ್ವ.

ರೀಲು ದುಬಾರಿ. ಯಾರು ಒತ್ತಬೇಕು ಎಂಬುದಕ್ಕೆ ಮೊದಮೊದಲು ಜಗಳವಾಯಿತು. ಒಮ್ಮೆ ಜಗ್ಗಾಡಿದ್ದಕ್ಕೆ ಎದುರಿಗಿದ್ದ ಕರಕೊಂಚ ಹಕ್ಕಿಗಳ ಹಿಂಡೇ ಎದ್ದುಹೋಯಿತು. ಅವತ್ತು ಕರಾರಾಯಿತು: ನೋಡಿದವನು ಒತ್ತಬಾರದು, ಒತ್ತಿದವನು ತಾನು ನೋಡಿದೆ ಅನ್ನಬಾರದು. ಒಬ್ಬ ಕಂಡು ಹೇಳಬೇಕು, ಇನ್ನೊಬ್ಬ ಹಿಡಿಯಬೇಕು. ಹಾಗಾದಾಗ ಫೋಟೋ ಇಬ್ಬರದೂ ಆಗುತ್ತದೆ. ವರ್ಷಗಳು ಕಳೆದಂತೆ ನೋಡುವುದು ನಿಜಗುಣಪ್ಪನ ಪಾಲಿಗೂ ಒತ್ತುವುದು ರಘೋತ್ತಮನ ಪಾಲಿಗೂ ತಾನಾಗಿ ಬಂದವು. ಅವನ ಕಣ್ಣು ಹಾಗಿತ್ತು, ಇವನ ಕೈ ಹೀಗಿತ್ತು.

ಕಿತ್ತೂರಿನ ಕಡೆಯ ಕುರುಚಲು ಕಾಡಿನಲ್ಲಿ ನವಿಲು, ಹೂಲಿಯ ಹಳೆಯ ಗುಡಿಗಳ ಸಂದಿನಲ್ಲಿ ಗೂಬೆ, ರಾಮದುರ್ಗದಾಚೆಯ ಎರಿ ಹೊಲಗಳಲ್ಲಿ ಚಿಗರಿ, ಅಂದರೆ ಕೃಷ್ಣಮೃಗ. ಚಿಗರಿಯ ದಿನವನ್ನು ನೆನೆಸಿಕೊಂಡರೆ ರಘೋತ್ತಮನಿಗೆ ಈಗಲೂ ಅಂಗಡಿಯಲ್ಲಿ ಒಬ್ಬನೇ ಇದ್ದಾಗ ನಗು ಬರುತ್ತದೆ. ಸಾಲಹಳ್ಳಿಯ ಹತ್ತಿರ ಇಡೀ ದಿನ ಬಿಸಿಲಲ್ಲಿ ಕೂತು, ಸಂಜೆ ರಾಮದುರ್ಗದ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಬಂದಿದ್ದರು. ನಿಜಗುಣಪ್ಪನಿಗೆ ಸಂತೋಷವಾದರೆ ಧ್ವನಿ ಏರುತ್ತದೆ.

"ಎರಡ ಚಿಗರಿ ಹೊಡದ್ವಿ ನೋಡು! ಗಂಡು ಅಂತೂ ಎದಿಗೆ ಎದಿ ಕೊಟ್ಟು ನಿಂತಿತ್ತು. ಮರೀನೂ ಹೊಡೀಬೇಕಾಗಿತ್ತು, ನೀ ತಡ ಮಾಡಿದಿ."

ಪಕ್ಕದ ಬೆಂಚಿನ ಮುದುಕ ಚಹಾ ಬಿಟ್ಟು ಎದ್ದುಹೋದದ್ದನ್ನು ಇವರು ಗಮನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹವಾಲ್ದಾರರೊಬ್ಬರು ಬಂದು, "ಮಾಂಸ ಎಲ್ಲೈತಿ?" ಎಂದು ಚೀಲಕ್ಕೆ ಕೈ ಹಾಕಿದರು. ಒಳಗಿಂದ ತಾರಾಬಾಯಿ ಕಟ್ಟಿಕೊಟ್ಟಿದ್ದ ಅವಲಕ್ಕಿಯ ಡಬ್ಬಿ ಬಂತು. "ಫೋಟೋ ಹೊಡದ್ವಿರೀ ಸಾಹೇಬ್ರ, ಫೋಟೋ!" ಎಂದು ನಿಜಗುಣಪ್ಪ ಕೈ ಮುಗಿದ. ರೀಲು ತೊಳೆಯುವವರೆಗೆ ಅದಕ್ಕೆ ಪುರಾವೆ ಎಲ್ಲಿಂದ ಬರಬೇಕು? ಕೊನೆಗೆ ರಘೋತ್ತಮನ ಜನಿವಾರ, ನಿಜಗುಣಪ್ಪನ ಕೊರಳಿನ ಲಿಂಗ ಎರಡನ್ನೂ ನೋಡಿ, "ನಿಮ್ಮಿಬ್ಬರ ಮನ್ಯಾಗೂ ಚಿಗರಿ ಬೇಯೂದಿಲ್ಲ ಬಿಡ್ರಿ," ಎಂದು ನಕ್ಕು, ಅವಲಕ್ಕಿ ತಿಂದು ಕಳಿಸಿದರು.

ರೀಲಿನ ಕಾಲ ಮುಗಿಯಿತು. ಡಿಜಿಟಲ್ ಕ್ಯಾಮೆರಾ ಬಂತು. ಅದೂ ಪಾಲಿನಲ್ಲೇ. ಆಗ ಒಬ್ಬೊಬ್ಬರೂ ಒಂದೊಂದು ಕೊಳ್ಳುವ ಶಕ್ತಿ ಇತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೂಡಿಯೇ ಹೋಗಿ ಕೊಂಡು ತಂದು, ಅಮವಾಸ್ಯೆಗೆ ಮನೆ ಬದಲಿಸುವುದನ್ನು ಮುಂದುವರಿಸಿದರು. ನಿಜಗುಣಪ್ಪನ ಅಣ್ಣತಮ್ಮಂದಿರು ಬೇರೆಯಾದ ವರ್ಷ ಪಂಚರು ಕೂತು ಮನೆಯ ಹಿತ್ತಾಳೆ ಕೊಡಗಳವರೆಗೆ ಎಲ್ಲವನ್ನೂ ಭಾಗ ಹಾಕಿದರು. ಒಂದೇ ಅಡುಗೆಮನೆಯಲ್ಲಿ ಮೂರು ಒಲೆ ಹೊತ್ತಿದವು. ದೊಡ್ಡ ಅಣ್ಣ ಜಗಲಿಯ ಕಡೆ ಬೆರಳು ಮಾಡಿ, "ಈ ಕ್ಯಾಮೆರಾ?" ಎಂದಾಗ ನಿಜಗುಣಪ್ಪ, "ಅದು ಮನೀದಲ್ಲ. ರಘ್ಯಾನ ಕೂಡ ಪಾಲಿಂದು," ಎಂದಿದ್ದ. ಆ ದಿನ ಅವನ ಮನೆಯಲ್ಲಿ ಒಡೆಯದೆ ಉಳಿದದ್ದು ಅದೊಂದೇ.

*

ಚೀಲದ ಪ್ರಸಂಗವಾದ ಮೇಲೆ ಎರಡು ಭಾನುವಾರ ನಿಜಗುಣಪ್ಪ ಬರಲಿಲ್ಲ. ಮೂರನೆಯ ವಾರದ ನಡುವೆ, ಅಮವಾಸ್ಯೆಗೆ ಇನ್ನೂ ದಿನಗಳಿರುವಾಗಲೇ, ದಲಾಲಿ ಅಂಗಡಿಯ ಹಮಾಲನೊಬ್ಬ ಬಂದು ಔಷಧಿ ಅಂಗಡಿಯ ಗಾಜಿನ ಕಪಾಟಿನ ಮೇಲೆ ಕ್ಯಾಮೆರಾದ ಚೀಲ ಇಟ್ಟು ಹೋದ. "ಸಾವಕಾರ್ರು ಕೊಡು ಅಂದ್ರು."

ರಘೋತ್ತಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ನೇರ ಅವನ ಮನೆಗೆ ನಡೆದ. ನಿಜಗುಣಪ್ಪ ಇರಲಿಲ್ಲ. ಅವನ ಹೆಂಡತಿ ಅನ್ನಪೂರ್ಣಾ ಕಟ್ಟೆಯ ಮೇಲೆ ಕೂತು ಸೇಂಗಾ ಒಡೆಯುತ್ತಿದ್ದಳು.

"ವೈನಿ, ಏನಾಗ್ಯದ ಅವಗ? ನನ್ನ ಮ್ಯಾಲ ಸಿಟ್ಟೇನು?"

"ನಿಮ್ಮ ಮ್ಯಾಲ ಸಿಟ್ಟು ಮಾಡಿದ್ರ ಛಲೋ ಇತ್ರೀ ಅಣ್ಣಾರ," ಎಂದಳು ಅವಳು. "ಹುಬ್ಬಳ್ಳಿಗೆ ಕಣ್ಣ ತೋರಸಾಕ ಹೋಗಿದ್ವಿ. ದೀಪಾವಳಿ ಹಿಂದ. ನಿಮಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸ್ಕೊಂಡಾರ. ಎರಡೂ ಕಣ್ಣಾಗ ನಟ್ಟ ನಡುವ ಮಬ್ಬು ಐತಂತ್ರಿ. ಸುತ್ತಲಿಂದೆಲ್ಲಾ ಕಾಣತೈತಿ, ಯಾವುದರ ಕಡೆ ನೆಟ್ಟಗ ನೋಡತಾರ, ಅದ ಕಾಣೂದಿಲ್ಲ. ಊಟಕ್ಕ ಕುಂತ್ರ ನನ್ನ ಕೈಯಾಗಿನ ಬಳಿ ಕಾಣತಾವು, ಮಾರಿ ಕಾಣೂದಿಲ್ಲ. 'ಅದೂ ಛಲೋನ ಆತು' ಅಂತಾರ, ಸುಡಗಾಡು ಚಾಷ್ಟಿ."

"ವಾಸಿ ಆಗೂದಿಲ್ಲೇನು?"

"ಇದ್ದದ್ದು ಉಳಿತೈತಿ ಅಂದಾರ. ಹೋದದ್ದು ಬರೂದಿಲ್ಲಂತ." ಸೇಂಗಾದ ಸಿಪ್ಪೆ ಊದಿದಳು. "ಭಾನುವಾರ ಮುಂಜಾನಿ ಆತಂದ್ರ ಬೂಟ ಹಾಕ್ಕೊಂತಾರ್ರೀ. ಹಾಕ್ಕೊಂಡು ಇಲ್ಲೇ ಕಟ್ಟಿ ಮ್ಯಾಲ ಕುಂದರತಾರ. ಆಮ್ಯಾಲ ಬಿಚ್ಚತಾರ."

ಶಿವರಾತ್ರಿ ಹತ್ತಿರ ಬಂದಿತ್ತು. ಅದು ಕಳೆದು ಬಿಸಿಲು ಏರಿದರೆ ಹಿನ್ನೀರಿನ ಹೆಬ್ಬಾತುಗಳು ಹಿಮಾಲಯದ ಕಡೆ ಎದ್ದುಬಿಡುತ್ತವೆ. ಈ ಋತುವಿನಲ್ಲಿ ಅವನನ್ನು ಕರೆದುಕೊಂಡು ಹೋಗದಿದ್ದರೆ ಮುಂದಿನ ಚಳಿಗಾಲಕ್ಕೆ ಅವನು ಬೂಟು ಹಾಕಿಕೊಳ್ಳುವುದನ್ನೂ ಬಿಟ್ಟಿರುತ್ತಾನೆ. ರಘೋತ್ತಮನಿಗೆ ಇದು ಖಚಿತವಿತ್ತು. ಇನ್ನೊಂದು ಸಂಗತಿಯೂ ಅಷ್ಟೇ ಖಚಿತವಿತ್ತು, ಅದನ್ನು ಅವನು ತನಗೆ ತಾನೇ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ: ಕ್ಯಾಮೆರಾ ತಿರುಗಿ ಬಂದ ಮೇಲಿನ ಭಾನುವಾರ ಅವನಿಲ್ಲದೆ ತಾನೊಬ್ಬನೇ ಹಿನ್ನೀರಿಗೆ ಹೋಗಿದ್ದ, ಒಂದೂ ಫೋಟೋ ತೆಗೆಯದೆ ಬಂದಿದ್ದ. ಎದುರಿಗೆ ಹಕ್ಕಿಗಳಿದ್ದವು. "ಹೊಡಿ" ಅನ್ನುವವರಿರಲಿಲ್ಲ.

*

ಬೈಲಹೊಂಗಲದಲ್ಲಿ ವಿಜಯನ ಸ್ಟುಡಿಯೋ. ಮದುವೆ, ಸೀಮಂತ, ನಾಮಕರಣಗಳ ಫೋಟೋ ತೆಗೆಯುವ ಹುಡುಗಾಟಿಕೆಯ ಮನುಷ್ಯ. ಕ್ಯಾಮೆರಾ ತರಿಸಿಕೊಡುವ ದಂಧೆಯೂ ಇತ್ತು; ಗೆಳೆಯರು ಡಿಜಿಟಲ್ ಕೊಂಡದ್ದೂ ಅವನ ಹತ್ತಿರವೇ. ರಘೋತ್ತಮ ಕುರ್ಚಿಯಲ್ಲಿ ಕೂತು, ಜೇಬಿನಿಂದ ವ್ಯಾಸಲೀನಿನ ಸಣ್ಣ ಡಬ್ಬಿ ತೆಗೆದ. ಕನ್ನಡಕ ಬಿಚ್ಚಿ, ಎರಡೂ ಗಾಜಿನ ನಟ್ಟ ನಡುವೆ ಬೆರಳಿನಿಂದ ದಪ್ಪಗೆ ಸವರಿದ. ಮತ್ತೆ ಹಾಕಿಕೊಂಡ. ವಿಜಯನ ಮುಖ ಇದ್ದಲ್ಲಿ ಹಿಟ್ಟಿನ ಉಂಡೆ ಕಂಡಿತು. ಉಂಡೆಯ ಸುತ್ತ ಗೋಡೆ, ಪಂಕ, ಮದುಮಕ್ಕಳ ಪಟಗಳು ಎಲ್ಲ ಸರಿಯಾಗಿದ್ದವು.

"ಕಾಕಾ, ಇದೇನ್ರೀ?" ಎಂದಿತು ಉಂಡೆ.

"ಏನಿಲ್ಲ. ಈಗ ಕ್ಯಾಮೆರಾ ತೋರಸು."

ವಿಜಯ ಮೊದಲು ಕೈಗಿಟ್ಟದ್ದು ತೊಡೆಗಾತ್ರದ ಲೆನ್ಸು. "ಹುಲಿ ಹೊಡ್ಯಾವ್ರು ಇದನ್ನ ಒಯ್ತಾರ್ರೀ. ಅಲ್ಲಿ ಕುಂತದ್ದು ಇಲ್ಲಿ ಮಡಲಾಗ ಬರತೈತಿ."

ರಘೋತ್ತಮ ಎತ್ತಿ ನೋಡಿದ. ಸೋಫಾದ ಕಾಲು ಎತ್ತಿದ ಹಾಗಾಯಿತು. ಹಕ್ಕಿಯ ಫೋಟೋದ ಹುಚ್ಚಿಗೆ ಬಿದ್ದವರೆಲ್ಲ ಮೊದಲು ಮಾಡುವ ತಪ್ಪು ಇದೇ, ಉದ್ದ ಲೆನ್ಸಿನ ಆಸೆ. ಉದ್ದವಾದಷ್ಟೂ ಕೈಯ ನಡುಕವೂ ಉದ್ದವಾಗಿ ಕಾಣುತ್ತದೆ. ಕೆಸರಿನಲ್ಲಿ ಇದನ್ನು ಹೊತ್ತವನು ಹಕ್ಕಿಗಿಂತ ಹೆಚ್ಚಾಗಿ ಭುಜವನ್ನೇ ನೆನೆಯುತ್ತಾನೆ. "ಬ್ಯಾಡ."

ಎರಡನೆಯದು ಅಂಗೈಯಗಲದ್ದು, ಲೆನ್ಸು ಕೂಡಿಯೇ ಬಂದದ್ದು. ಹಗುರ. ದೂರದ್ದನ್ನು ಚೆನ್ನಾಗಿಯೇ ಎಳೆಯುತ್ತಿತ್ತು. ಆದರೆ ಗುಂಡಿ ಒತ್ತಿದ ಮೇಲೆ ವಿಚಾರ ಮಾಡಿ ಫೋಟೋ ತೆಗೆಯುತ್ತಿತ್ತು. "ಇದು ಗುಡಿ ಗೋಪುರಕ್ಕ ಛಲೋ. ಹಕ್ಕಿ ಅಷ್ಟೊತ್ತು ನಿಲ್ಲೂದಿಲ್ಲ."

ಮೂರನೆಯದು ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯದು, ಮಿರರ್‌ಲೆಸ್. ಒಂದು ಸಾಧಾರಣ ಉದ್ದದ, ನಡುಕ ತಡೆಯುವ ಲೆನ್ಸು. "ನಿಮ್ಮ ಹಳೇದರಾಗ ಇದ್ದದ್ದು ಕಿಡಕಿ ಕಾಕಾ, ಇದರಾಗ ಇರೂದು ಟಿವಿ," ಎಂದ ವಿಜಯ. "ಕತ್ತಲಿದ್ರ ಬೆಳಕ ಮಾಡಿ ತೋರಸತೈತಿ. ಮದುವಿ ಮನ್ಯಾಗ ಎಷ್ಟ ಮಂದಿ ನಡುವ ಇದ್ರೂ ಮದುಮಗಳ ಕಣ್ಣ ಹುಡಿಕಿ ಹಿಡಿತೈತಿ. ಹಕ್ಕೀದೂ ಹಂಗ. ಕಣ್ಣ ಮ್ಯಾಲ ಹಸರ ಚೌಕ ಬಂತಂದ್ರ ಒತ್ತೂದ ಅಷ್ಟ."

ಇಬ್ಬರೂ ಹೊರಗೆ ಬೀದಿಗೆ ಬಂದರು. ಎದುರಿನ ತಂತಿಯ ಮೇಲೆ ಏನೋ ಇದೆಯೆಂದು ವಿಜಯ ಹೇಳಿದ. ರಘೋತ್ತಮ ಕಿಂಡಿಗೆ ಕನ್ನಡಕ ಒತ್ತಿದ. ತಂತಿ ಎಡದಿಂದ ಬಂದು ಉಂಡೆಯೊಳಗೆ ಹೊಕ್ಕು ಬಲಕ್ಕೆ ಹೊರಬಿತ್ತು. ಉಂಡೆಯಲ್ಲಿ ಏನಿದೆಯೋ ಅವನಿಗೆ ತಿಳಿಯಲಿಲ್ಲ. ಆಗ ಆ ಮಬ್ಬಿನ ಅಂಚಿನಲ್ಲಿ ಹಸಿರು ಚೌಕವೊಂದು ಮಿನುಗಿ, ನಡುಗಿ, ನಿಂತಿತು. ಒತ್ತಿದ. ಕನ್ನಡಕ ಹಣೆಗೇರಿಸಿ ಪರದೆ ನೋಡಿದ. ಕಾಗೆ. ಕಾಗೆಯ ಕಣ್ಣು. ಕಣ್ಣಿನೊಳಗೆ ಬೈಲಹೊಂಗಲದ ಬೀದಿ.

ಅವನು ಬಹಳ ಹೊತ್ತು ನೋಡುತ್ತ ನಿಂತ. ಅಂದರೆ ನಿಜಗುಣಪ್ಪ ಇಷ್ಟು ದಿನ ಈ ಉಂಡೆಯನ್ನು ಮುಖದ ಮುಂದೆ ಇಟ್ಟುಕೊಂಡೇ "ಎಡಕ್ಕ ಸರಿ" ಅನ್ನುತ್ತಿದ್ದನೇ?

"ಕಾಕಾ, ಮೊದ್ಲ ಕನ್ನಡಕ ಒರಸ್ಕೋರಿ. ಗಿರಾಕಿ ಹೆದರತಾರ. ಬಿಲ್ಲಿಗೆ ಯಾರ ಹೆಸರು ಹಾಕ್ಲಿ? ಇಬ್ಬರದೂ ಏನು, ದರ ಸಲದ ಗತೆ?"

ರಘೋತ್ತಮ ಅಂಗಿಯ ತುದಿಯಿಂದ ಕನ್ನಡಕ ಒರೆಸಿದ. ಆಮೇಲೆ ದೊಡ್ಡ ಕೆಲಸ ಮಾಡುತ್ತಿರುವವನ ಧ್ವನಿಯಲ್ಲಿ ಹೇಳಿದ: "ನಿಜಗುಣಪ್ಪನ ಹೆಸರೊಂದೇ ಹಾಕು."

*

"ಫೋಟೋ ಗೀಟೋ ಏನೂ ಇಲ್ಲ. ಸುಮ್ಮ ಗಾಳೀಗೆ ಹೋಗೋಣು ಬಾ," ಎಂದು ರಘೋತ್ತಮ ಭಾನುವಾರ ಗೆಳೆಯನನ್ನು ಕಟ್ಟೆಯಿಂದ ಎಬ್ಬಿಸಿದ. ಬೂಟು ಹಾಕಿಕೊಂಡೇ ಕೂತಿದ್ದರಿಂದ ನಿಜಗುಣಪ್ಪನಿಗೆ ಇಲ್ಲವೆನ್ನಲು ಬರಲಿಲ್ಲ.

ಹಿನ್ನೀರು ಇನ್ನಷ್ಟು ಹಿಂದೆ ಸರಿದಿತ್ತು. ಬಿರುಕು ಬಿಟ್ಟ ನೆಲದ ಆಚೆ, ನೀರಿನ ಅಂಚಿಗೆ ಹೆಬ್ಬಾತುಗಳ ಸಾಲು. ಇಬ್ಬರೂ ಒಂದು ಬದುವಿನ ಮರೆಗೆ ಕೂತರು. ರಘೋತ್ತಮ ಹೊಸ ಕ್ಯಾಮೆರಾ ತೆಗೆದು, ಅದರ ಪಟ್ಟಿಯನ್ನು ಗೆಳೆಯನ ಕೊರಳಿಗೆ ಹಾಕಿದ.

"ಗಾಳೀಗೆ ಅಂದಿ?"

"ಸುಮ್ಮ ನೋಡು. ಹಸರ ಚೌಕ ಬಂದಕೂಡ್ಲೆ ಒತ್ತು."

"ಯಾರದಿದು?"

"ಒತ್ತೋ ಮಾರಾಯಾ."

ನಿಜಗುಣಪ್ಪ ಕಿಂಡಿಗೆ ಕಣ್ಣಿಟ್ಟ. ಅತ್ತಿತ್ತ ತಿರುಗಿಸಿದ. ಟಪಟಪ ಸದ್ದಾಯಿತು. ರಘೋತ್ತಮ ಪರದೆಗೆ ಬಾಗಿದ. ಬಾತಿನ ತಲೆಯ ಎರಡು ಕರಿ ಪಟ್ಟೆ, ಕೊಕ್ಕಿನಿಂದ ಇಳಿಯುವ ನೀರಿನ ಹನಿ, ಎಲ್ಲ ಕಡೆದಿಟ್ಟ ಹಾಗೆ ಬಂದಿದ್ದವು. "ಲೇ! ಬಂದದೋ! ನಾನೂ ಇಂಥಾದ್ದು ತಗದಿಲ್ಲ!"

"ನಾನೂ ತಗದಿಲ್ಲ," ಎಂದ ನಿಜಗುಣಪ್ಪ. "ಇದ ತಗೀತು. ನನಗ ಬಾತೂ ಕಂಡಿಲ್ಲ, ಕೋಳೀನೂ ಕಂಡಿಲ್ಲ. ಚೌಕ ಬಂತು, ಒತ್ತಿದೆ. ಇಷ್ಟ ಏನೋ ನಿನ್ನ ಕೆಲಸ? ಈ ಕೆಲಸಕ್ಕ ಏನು ಸೊಕ್ಕು ಮಾಡತಿದ್ದಿ ಇಷ್ಟು ವರ್ಷ!"

ಅವನು ನಕ್ಕ. ವಾರಗಳ ಮೇಲೆ ಆ ನಗು ಕೇಳಿ ರಘೋತ್ತಮನ ಎದೆ ಹಗುರಾಯಿತು. ಬೈದರೂ ಚಿಂತೆಯಿಲ್ಲ, ಬೈಯಲಿ. ಬುತ್ತಿ ಬಿಚ್ಚಿದರು. ರೊಟ್ಟಿ, ಸೇಂಗಾ ಚಟ್ನಿ, ಮೊಸರು. ಬಾತುಗಳು ಅಲ್ಲೊಂದು ಇಲ್ಲೊಂದು ಕೂಗುತ್ತಿದ್ದವು. ನಿಜಗುಣಪ್ಪ ರೊಟ್ಟಿ ಮುರಿಯುತ್ತ, ಯಾವುದನ್ನೂ ನೋಡದೆ ಚಟ್ನಿಯ ಕಡೆ ಮುಖ ಮಾಡಿ ಕೂತಿದ್ದವನು ತಟ್ಟನೆ ಕೈ ತಡೆದ.

"ಬಲಕ್ಕ. ಜಾಲಿ ಗಿಡದ ಆಚೆ. ಏನೋ ಹೊಂಟೈತಿ."

"ಎಲ್ಲಿ?"

"ನಾ ತಿರುಗಿದ್ರ ಹೋಗತೈತಿ ಲೇ, ನೀ ನೋಡು! ಕೆಳಗ, ನೆಲಕ್ಕ ಹತ್ತಿ ಹೊಂಟೈತಿ. ಬೂದ ಬಣ್ಣ. ತಲಿ ಕೆಳಗ ಹಾಕೈತಿ. ಹೊಡಿ, ಹೊಡಿ!"

ಕ್ಯಾಮೆರಾ ನಿಜಗುಣಪ್ಪನ ಕೊರಳಲ್ಲೇ ಇತ್ತು. ಬಿಚ್ಚುವ ಪುರಸೊತ್ತಿಲ್ಲದೆ ರಘೋತ್ತಮ ಅದನ್ನು ಹಾಗೇ ಜಗ್ಗಿದ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು, ಮೊಸರಿನ ಡಬ್ಬಿ ಉರುಳಿತು. ಧೂಳು, ಗಿಡ, ಬೂದು ಬೆನ್ನೊಂದು ಇಳಿಜಾರಿನಲ್ಲಿ ಮಾಯವಾಗುತ್ತಿತ್ತು. ಹಸಿರು ಚೌಕ ಬರಲೇ ಇಲ್ಲ. ಚೌಕಕ್ಕೆ ಕಾಯದೆ ಒತ್ತಿದ.

ಬಂದದ್ದು ಒಂದೇ, ಅದೂ ಅಲುಗಿದ್ದು. ಬಾಲ, ಹಿಂಗಾಲು, ಧೂಳು.

"ತ್ವಾಳ," ಎಂದ ನಿಜಗುಣಪ್ಪ.

"ತೋಳ ಎಲ್ಲೀದೋ, ನಾಯಿ."

"ನಾಯಿ ಬಾಲ ಹಂಗ ಇಳಿಬಿಡತೈತೇನೋ? ತ್ವಾಳ ಅದು. ಆ ನಡಗಿ ನೋಡಿಲ್ಲ ನೀ?"

"ನನಗ ಹಿಂಭಾಗ ಅಷ್ಟೇ ಕಂಡದ. ದನಗಾಯಿಯವರ ನಾಯಿ ಇರಬೇಕು."

"ನಿನಗ ಎರಡೂ ಕಣ್ಣ ಛಲೋ ಅದಾವು, ಏನ ಉಪಯೋಗ? ತ್ವಾಳ ಅಂದ್ರ ತ್ವಾಳ!"

ಜಗಳ ಏರಿತು. ಹೆಬ್ಬಾತುಗಳು ಬೇಸತ್ತು ಆಚೆ ದಂಡೆಗೆ ಈಜಿದವು. ಆ ಕೆಟ್ಟ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಬಾಲದ ತುದಿ ಕಪ್ಪೋ ಬೂದೋ ಎಂದು ರಘೋತ್ತಮ ಹೇಳುವುದು, ಅದನ್ನು ನಿಜಗುಣಪ್ಪ ಅಲ್ಲಗಳೆಯುವುದು. ಮೂವತ್ತು ವರ್ಷದ ಹಿಂದೆ ಬಸ್ಸಿನಲ್ಲಿ ತೊಡೆಗೆ ತೊಡೆ ಹತ್ತಿಸಿ ಕೂತಾಗಲೂ ಹೀಗೇ ಕಚ್ಚಾಡಿದ್ದರು. ರಘೋತ್ತಮ ಉರುಳಿದ್ದ ಮೊಸರಿನ ಡಬ್ಬಿಯನ್ನು ಎತ್ತಿ ನಿಲ್ಲಿಸಿದ. ಮನೆಯಲ್ಲಿ ಅಭ್ಯಾಸ ಮಾಡಿ ತಂದಿದ್ದ ಮಾತನ್ನು ಒಮ್ಮೆಲೆ ಹೇಳಿಬಿಟ್ಟ.

"ನಿಜಗುಣಿ, ಈ ಕ್ಯಾಮೆರಾ ನಿಂದು. ಬಿಲ್ಲೂ ನಿನ್ನ ಹೆಸರಲೇ ಮಾಡ್ಸೀನಿ. ಇನ್ನ ಅಮವಾಸಿ, ಪಾಲು, ಅದೆಲ್ಲಾ ಬ್ಯಾಡ. ಹಳೇದು ನನ್ನ ಕಡೆ ಇರ್ಲಿ. ನಿಂದು ನಿನಗ, ನಂದು ನನಗ."

ನಿಜಗುಣಪ್ಪನ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ನಿಂತಿತು. ಮುಖದ ನಗು ಇಷ್ಟಿಷ್ಟೇ ಇಳಿಯಿತು. ಗೆಳೆಯನ ಮುಖವನ್ನು ನೋಡಲು ಅವನು ಕುತ್ತಿಗೆಯನ್ನು ಸ್ವಲ್ಪ ಓರೆ ಮಾಡಿದ. ಹಾಗೆ ಮಾಡಿದರೆ ಮಾತ್ರ ಈಗ ಅವನಿಗೆ ಕಾಣುತ್ತಿತ್ತು.

"ನಿಂದು ನಿನಗ, ನಂದು ನನಗ," ಎಂದ ಮೆಲ್ಲಗೆ. "ಅಂದ್ರ ಬ್ಯಾರೆ ಆಗೂಣು ಅಂತಿ."

"ಏ, ಹಂಗಲ್ಲೋ! ನಿನಗ ಅಂತ ಪ್ರೀತಿಲೆ..."

"ನಮ್ಮಣ್ಣನೂ ಪ್ರೀತಿಲೇ ಅಂದಿದ್ದ."

"ಪೂರಾ ನಿಂದೋ, ಮಾರಾಯಾ! ಒಂದು ಕಾಸು ಕೊಡೂದು ಬ್ಯಾಡ, ಏನೂ ಬ್ಯಾಡ. ಇಟ್ಕೋ."

ನಿಜಗುಣಪ್ಪ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದ. ಕೈ ಸವರಿ ರಘೋತ್ತಮನ ತೊಡೆ ಹುಡುಕಿ, ಅದರ ಮೇಲೆ ಕ್ಯಾಮೆರಾ ಇಟ್ಟ.

"ಪೂರಾ ನಾ ಒಲ್ಲೆ," ಎಂದ. "ಅಮವಾಸಿ ತನಕ ನಿನ್ನ ಮನ್ಯಾಗ ಇರ್ಲಿ."